ಹೊಗಳಿಕೆ ಎಂದುಕೊಂಡ ಪದ

ಐವತ್ತು ವರ್ಷದ ಹಿಂದಿನ ಮಾತು. ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದ ಹೊಸತು. ಸಾಲದ ಕಂತು ಬಾಕಿ ಉಳಿಸಿಕೊಂಡ ಗ್ರಾಹಕರೊಬ್ಬರಿಗೆ ಇಂಗ್ಲಿಷಿನಲ್ಲಿ ಕಾಗದ ಬರೆಯುವಂತೆ ಮ್ಯಾನೇಜರು ಹೇಳಿದರು. ರಾತ್ರಿಯೆಲ್ಲ ನಿಘಂಟು ತಿರುವಿ ಒಂದೂವರೆ ಪುಟ ಬರೆದೆ. ಮರುದಿನ ಅದರ ಅಂಚಿನಲ್ಲಿ ಅವರು ಪೆನ್ಸಿಲಿನಿಂದ ಬರೆದದ್ದು ಒಂದೇ ಪದ: ‘ಲೇಬರ್ಡ್’.

ಲೇಬರ್ ಎಂದರೆ ದುಡಿಮೆ. ಹುಡುಗ ಚೆನ್ನಾಗಿ ದುಡಿದಿದ್ದಾನೆ ಎಂದು ಹೊಗಳಿದ್ದಾರೆಂದು ಹಿಗ್ಗಿ, ಅವರ ಕೋಣೆಗೆ ಹೋಗಿ ‘ಥ್ಯಾಂಕ್ಯೂ ಸರ್’ ಎಂದೂ ಹೇಳಿಬಿಟ್ಟೆ! ಅವರು ನಕ್ಕು, ಎದುರಿಗೆ ಕೂರಿಸಿಕೊಂಡು, ಅದೇ ಕಾಗದವನ್ನು ಮೂರು ಸಾಲಿನಲ್ಲಿ ಬರೆದು ತೋರಿಸಿದರು. ಆ ವಾರವೇ ಗ್ರಾಹಕರು ಬಂದು ಕಂತು ಕಟ್ಟಿದರು.

‘ಲೇಬರ್’ ಲ್ಯಾಟಿನ್ ಮೂಲದ ಪದ. ಮೈಮುರಿಯುವ ದುಡಿತ, ಕಷ್ಟ ಎಂದು ಅರ್ಥ. ಹೆರಿಗೆ ನೋವಿಗೂ ಅದೇ ಹೆಸರು. ಹಾಗಾಗಿಯೇ ಆಸ್ಪತ್ರೆಯಲ್ಲಿ ‘ಲೇಬರ್ ವಾರ್ಡ್’ ಇರುವುದು. ಇದರಿಂದ ಬಂದ ಎರಡು ಗುಣವಾಚಕಗಳು ನಮ್ಮನ್ನು ಗೊಂದಲಕ್ಕೆ ಕೆಡವುತ್ತವೆ. ‘ಲೆಬೋರಿಯಸ್’ ಎಂದರೆ ಬಹಳ ಶ್ರಮ ಬೇಡುವ ಕೆಲಸ. ವರ್ಷದ ಕೊನೆಯಲ್ಲಿ ಲೆಡ್ಜರ್ ತಾಳೆ ಹಾಕುವುದು ಅಂಥದ್ದು. ‘ಲೇಬರ್ಡ್’ ಎಂದರೆ ಪಟ್ಟ ಪಾಡು ಹೊರಗೆ ಎದ್ದು ಕಾಣುವಂಥದ್ದು, ಸಹಜವಾಗಿ ಹರಿಯದ್ದು. ‘ಲೇಬರ್ಡ್ ಜೋಕ್’ ಎಂದರೆ ತಿಣುಕಿ ತಿಣುಕಿ ಹೇಳಿದ ನಗೆಹನಿ. ಹೇಳುವವನು ಬೆವರುತ್ತಾನೆ, ಕೇಳುವವನು ನಗುವುದಿಲ್ಲ. ನಮ್ಮ ‘ತಿಣುಕು’ ಇದಕ್ಕೆ ತೀರಾ ಹತ್ತಿರದ ಪದ.

ಈ ಪದವನ್ನು ಮತ್ತೆ ಕಂಡದ್ದು ಕಳೆದ ಚಳಿಗಾಲದಲ್ಲಿ, ಆಸ್ಪತ್ರೆಯ ಚೀಟಿಯ ಮೇಲೆ. ಎರಡು ವರ್ಷದ ಮೊಮ್ಮಗನಿಗೆ ನೆಗಡಿಯಾಗಿತ್ತು. ನಡುರಾತ್ರಿ ಅವನ ಮೂಗಿನ ಹೊಳ್ಳೆಗಳು ಅರಳುತ್ತಿದ್ದವು. ಉಸಿರೆಳೆದಾಗಲೆಲ್ಲ ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಸೇದಿಕೊಳ್ಳುತ್ತಿತ್ತು. ಡಾಕ್ಟರು ಬರೆದರು: ‘ಲೇಬರ್ಡ್ ಬ್ರೀದಿಂಗ್’. ಈ ಸಲ ಅರ್ಥ ಗೊತ್ತಿತ್ತು, ಎದೆ ಧಸಕ್ಕೆಂದಿತು. ದೇವರ ದಯೆ, ಮಗು ಚೇತರಿಸಿಕೊಂಡಿತು. ತಾಯಂದಿರೇ, ಮಗುವಿನಲ್ಲಿ ಇಂಥ ಲಕ್ಷಣ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ, ಕೂಡಲೇ ವೈದ್ಯರಲ್ಲಿಗೆ ಹೋಗಿ.

ಆ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ನನಗೆ ಹೊಳೆಯಿತು. ಆರೋಗ್ಯವಂತ ಮಗುವಿನ ಉಸಿರಾಟ ನಮ್ಮ ಗಮನಕ್ಕೇ ಬರುವುದಿಲ್ಲ. ಬರವಣಿಗೆಯೂ ಹಾಗೆಯೇ ಇರಬೇಕು.

ಮಕ್ಕಳೇ, ಪ್ರಬಂಧ ಬರೆದ ಮೇಲೆ ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ಎಲ್ಲಿ ಏದುಸಿರು ಬರುತ್ತದೋ ಅಲ್ಲಿ ವಾಕ್ಯವನ್ನು ಮುರಿಯಿರಿ, ಭಾರದ ಪದ ತೆಗೆದು ಹಗುರದ್ದನ್ನು ಇಡಿ. ಶ್ರಮವೇ ಬೇಡ ಎಂದಲ್ಲ. ಅಂಥ ಮೂರು ಸಾಲು ಬರೆಯುವುದನ್ನು ಕಲಿಯಲು ನಮ್ಮ ಮ್ಯಾನೇಜರಿಗೆ ಇಪ್ಪತ್ತು ವರ್ಷ ಹಿಡಿದಿತ್ತಂತೆ!