ನಾಯಕತ್ವದ ಶಿಕ್ಷಣವೂ ಆಸ್ಪತ್ರೆಯ ಹಾಸಿಗೆಯೂ

ದುಬೈಯ ರಶೀದ್ ಆಸ್ಪತ್ರೆ 1973ರಷ್ಟು ಹಳೆಯದಾದರೂ, ಅದನ್ನು ಆಳುವ ವ್ಯವಸ್ಥೆ ಮಾತ್ರ ಮೇಲಿಂದ ಮೇಲೆ ಹೊಸದಾಗುತ್ತ ಬಂದಿದೆ. 2007ರಲ್ಲಿ ಅಲ್ಲಿ ದುಬೈ ಆರೋಗ್ಯ ಪ್ರಾಧಿಕಾರವೂ, ಅದೇ ವರ್ಷ ಅಬುಧಾಬಿಯಲ್ಲಿ ಸರ್ಕಾರಿ ಆಸ್ಪತ್ರೆಗಳನ್ನು ನಡೆಸತಕ್ಕ ‘ಸೇಹಾ’ ಸಂಸ್ಥೆಯೂ ಹುಟ್ಟಿದುವು. 2023ರಲ್ಲಿ ದುಬೈಯ ಸರ್ಕಾರಿ ಆಸ್ಪತ್ರೆಗಳು ‘ದುಬೈ ಹೆಲ್ತ್’ ಎಂಬ ಹೊಸ ಆಡಳಿತದ ಅಧೀನವಾದುವು. ಅಧಿಕಾರಿಗಳಿಗೆ ಆಡಳಿತವಿದ್ಯೆಯನ್ನು ಬೋಧಿಸುವ ಉತ್ಸಾಹಕ್ಕೂ ಅಲ್ಲಿ ಕೊರತೆಯಿಲ್ಲ. ಅದಕ್ಕೆಂದೇ 2005ರಲ್ಲಿ ದುಬೈಯಲ್ಲಿ ಪ್ರತ್ಯೇಕ ವಿದ್ಯಾಲಯವೊಂದು ಸ್ಥಾಪಿತವಾಯಿತು. ಇಂತಹ ಶಿಕ್ಷಣದಿಂದ ರೋಗಿಗೆ ಪ್ರಯೋಜನವುಂಟೆ ಎಂಬುದು ವಿಜ್ಞಾನವು ಕೇಳತಕ್ಕ ಪ್ರಶ್ನೆ.

ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ತರಬೇತಿಯ ಫಲವನ್ನು ಅಳೆಯಲು ನಾಲ್ಕು ಮೆಟ್ಟಿಲುಗಳನ್ನು ಸೂಚಿಸಿದನು: ಕಲಿತವನಿಗೆ ಸಂತೋಷವಾಯಿತೆ, ಜ್ಞಾನ ಹೆಚ್ಚಿತೆ, ನಡವಳಿಕೆ ಬದಲಾಯಿತೆ, ಕೊನೆಗೆ ಕಾರ್ಯಸಿದ್ಧಿಯಾಯಿತೆ. ಬಹುತೇಕ ಶಿಬಿರಗಳ ಪರೀಕ್ಷೆ ಮೊದಲನೆಯ ಮೆಟ್ಟಿಲಿನಲ್ಲಿಯೇ, ಎಂದರೆ ಊಟೋಪಚಾರ ಮುಗಿದ ಬಳಿಕ ತುಂಬಿಸಿಕೊಳ್ಳುವ ಅಭಿಪ್ರಾಯಪತ್ರದಲ್ಲಿಯೇ, ಮುಗಿದುಹೋಗುತ್ತದೆ.

ಕಾರ್ಯಸಿದ್ಧಿ ಎಂತಹುದೆಂಬುದನ್ನು ಒಂದು ವಾರ್ಡಿನಲ್ಲಿ ನೋಡೋಣ. ಬೆಳಗಿನ ರೌಂಡಿಗೆ ಬಂದ ವೈದ್ಯನು ರೋಗಿಗೆ ‘ಮನೆಗೆ ಹೋಗಬಹುದು’ ಎಂದರೂ, ಡಿಸ್ಚಾರ್ಜ್ ಪತ್ರ ಸಿದ್ಧವಾಗಿ, ವಿಮೆಯವರ ಒಪ್ಪಿಗೆ ದೊರೆತು, ಔಷಧ ಕೈಸೇರಿ, ಹಾಸಿಗೆ ಶುಚಿಯಾಗುವಷ್ಟರಲ್ಲಿ ಮಧ್ಯಾಹ್ನ ಕಳೆಯುತ್ತದೆ. ಅತ್ತ ತುರ್ತು ವಿಭಾಗದಲ್ಲಿ ಬೇರೊಬ್ಬನು ಸ್ಟ್ರೆಚರಿನ ಮೇಲೆಯೇ ಮಲಗಿರುತ್ತಾನೆ. ತರಬೇತಿ ಪಡೆದ ವ್ಯವಸ್ಥಾಪಕನು ಈ ವಿಳಂಬವನ್ನು ಕಡಿಮೆಮಾಡಿದನೆ? ಗಡಿಯಾರ ಹೇಳಬೇಕು, ಪ್ರಮಾಣಪತ್ರವಲ್ಲ.

ಆದರೆ ಗಡಿಯಾರವೂ ಮೋಸಮಾಡೀತು. ಅತ್ಯಂತ ಹಿಂದುಳಿದ ವಿಭಾಗದವರನ್ನೇ ಆರಿಸಿ ತರಬೇತಿಗೆ ಕಳುಹಿಸಿದರೆ, ಅವರ ಅಂಕಿಗಳು ಮರುವರ್ಷ ತಾವಾಗಿಯೇ ಸುಧಾರಿಸುವ ಸಂಭವವುಂಟು. ಏಕೆಂದರೆ ಅತಿ ಕೆಟ್ಟ ವರ್ಷದಲ್ಲಿ ದುರದೃಷ್ಟದ ಪಾಲೂ ಇರುತ್ತದೆ. ಇಡೀ ಆಡಳಿತವೇ ಬದಲಾಗುತ್ತಿರುವ ಎಮಿರೇಟುಗಳಲ್ಲಂತೂ ಯಾವ ಸುಧಾರಣೆ ಯಾವುದರ ಫಲವೆಂದು ಬೇರ್ಪಡಿಸುವುದು ದುಸ್ಸಾಧ್ಯ. ಆದಕಾರಣ ತರಬೇತಿ ಪಡೆಯದವರೊಡನೆ ಹೋಲಿಕೆ ಅನಿವಾರ್ಯ. ಮುಂಬಯಿಯ ಸಮೀಪದ ಬಟ್ಟೆ ಗಿರಣಿಗಳಲ್ಲಿ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಹೀಗೆಯೇ ಮಾಡಿದರು: ಆಕಸ್ಮಿಕವಾಗಿ ಆರಿಸಿದ ಗಿರಣಿಗಳಿಗೆ ತಿಂಗಳುಗಟ್ಟಲೆ, ಅಲ್ಲಲ್ಲಿಯೇ ನಿಂತು, ವ್ಯವಸ್ಥೆಯ ಕ್ರಮಗಳನ್ನು ರೂಢಿಮಾಡಿಸಿದಾಗ, ಮೊದಲ ವರ್ಷದಲ್ಲಿಯೇ ಉತ್ಪಾದಕತೆ ಶೇಕಡ 17ರಷ್ಟು ಏರಿತೆಂದು 2013ರಲ್ಲಿ ಪ್ರಕಟಿಸಿದರು. ಗಿರಣಿ ಆಸ್ಪತ್ರೆಯಲ್ಲ, ನಿಜ. ಆದರೂ ಅಲ್ಲಿ ಫಲಿಸಿದುದು ಹೋಟೆಲಿನ ಸಭಾಂಗಣದ ಉಪನ್ಯಾಸವಲ್ಲ, ಕೆಲಸದ ಸ್ಥಳದ ನಿತ್ಯಾಭ್ಯಾಸವೆಂಬುದು ಗಮನಾರ್ಹ. ಕಲಿತದ್ದನ್ನು ಜಾರಿಗೆ ತರಲು ಅಧಿಕಾರವೇ ಇಲ್ಲದವನಿಗೆ ಎಷ್ಟು ಬೋಧಿಸಿದರೂ ವ್ಯರ್ಥವೆಂದು ನನ್ನ ಮತ.

ದುಬೈ, ಅಬುಧಾಬಿಗಳ ಆಡಳಿತಗಾರರು ಎಲ್ಲರನ್ನೂ ಒಮ್ಮೆಗೇ ಶಿಬಿರಕ್ಕೆ ಕಳುಹಿಸದೆ, ಮೊದಲ ತಂಡವನ್ನು ಚೀಟಿಯೆತ್ತಿ ಆರಿಸಿ, ಉಳಿದವರನ್ನು ಎರಡನೆಯ ತಂಡವಾಗಿ ಕಾಯಿಸಿ, ಎರಡೂ ತಂಡಗಳ ವಾರ್ಡುಗಳಲ್ಲಿ ಹಾಸಿಗೆ ತೆರವಾಗುವ ಕಾಲವನ್ನು ಒಂದು ವರ್ಷ ಅಳೆದು, ಆ ಅಂಕಿಗಳನ್ನು ಬಹಿರಂಗಪಡಿಸಬೇಕು.