ಪಂಚಾಂಗ ಹಿಡಿದು ಅಂಡಮಾನಿಗೆ

ಡಿಸೆಂಬರ್ ತಿಂಗಳ ಕೊನೆಯ ವಾರ. ಬೆಂಗಳೂರಿನಿಂದ ಅಂಡಮಾನಿಗೆ ಬಂದಿಳಿದ ಕುಟುಂಬವೊಂದು ಮನೆಯ ಅಭ್ಯಾಸದಂತೆ ಏಳೂವರೆಗೆ ಹಾಸಿಗೆ ಬಿಡುತ್ತದೆ. ಸ್ನಾನ, ತಿಂಡಿ ಮುಗಿಸಿ ಹೊರಬೀಳುವಾಗ ಗಂಟೆ ಹತ್ತು. ಬೆಳಗಿನ ದೋಣಿಗಳು ಆಗಲೇ ಹೊರಟುಹೋಗಿವೆ, ಬಿಸಿಲು ನೆತ್ತಿಗೇರುತ್ತಿದೆ. ಮಧ್ಯಾಹ್ನ ಉಂಡು, ಸಣ್ಣ ನಿದ್ದೆ ತೆಗೆದು, ಐದೂಕಾಲಿಗೆ ಮಕ್ಕಳನ್ನು ಕಡಲತೀರಕ್ಕೆ ಕರೆತಂದರೆ ಅಲ್ಲಿ ಸೂರ್ಯನೇ ಇಲ್ಲ! ಸಾವಿರಾರು ರೂಪಾಯಿ ಸುರಿದು ಪಡೆದ ರಜೆಯ ಒಂದು ದಿನ ಹೀಗೆ ಕೈಜಾರಿಹೋಗುತ್ತದೆ.

ಅಂಡಮಾನಿಗೆ ಹೋಗುವ ಬಹುತೇಕ ಕುಟುಂಬಗಳು ಹೋಟೆಲು, ವಿಮಾನ, ಊಟಗಳ ಯೋಜನೆಯನ್ನು ಅಚ್ಚುಕಟ್ಟಾಗಿ ಮಾಡಿಕೊಂಡಿರುತ್ತವೆ. ಮರೆತಿರುವುದು ಒಂದನ್ನೇ. ದ್ವೀಪದಲ್ಲಿ ದಿನಚರಿಯನ್ನು ನಿರ್ಧರಿಸುವುದು ಮನುಷ್ಯರಲ್ಲ. ಸೂರ್ಯ, ಗಾಳಿ ಮತ್ತು ಚಂದ್ರ. ಈ ಮೂವರನ್ನು ವಿಚಾರಿಸಿಕೊಂಡು ಹೊರಟವರಿಗೆ ಪ್ರವಾಸ ಸುಖಕರ, ಸುರಕ್ಷಿತ. ಜೊತೆಗೆ ಮಕ್ಕಳಿಗೆ ಪುಸ್ತಕದಲ್ಲಿ ಓದಿದ ಭೂಗೋಳ ಕಣ್ಣೆದುರೇ ತೆರೆದುಕೊಳ್ಳುತ್ತದೆ.

ಒಂದು ಗಂಟೆ ಮುಂದಿರುವ ಸೂರ್ಯ

ಭಾರತದ ಅಧಿಕೃತ ಸಮಯವನ್ನು ಎಣಿಸುವುದು 82.5 ಡಿಗ್ರಿ ಪೂರ್ವ ರೇಖಾಂಶದಿಂದ. ಬೆಂಗಳೂರು ಇರುವುದು ಸುಮಾರು 77.6 ಡಿಗ್ರಿಯಲ್ಲಿ. ದ್ವೀಪಗಳ ರಾಜಧಾನಿ ಪೋರ್ಟ್ ಬ್ಲೇರ್ (2024ರಿಂದ ಅದರ ಹೆಸರು ಶ್ರೀ ವಿಜಯಪುರಂ) ಇರುವುದು 92.7 ಡಿಗ್ರಿಯಲ್ಲಿ. ಎರಡು ಊರುಗಳ ಅಂತರ ಸುಮಾರು 15 ಡಿಗ್ರಿ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಅಂದರೆ ಗಡಿಯಾರ ಒಂದೇ ಆದರೂ ಸೂರ್ಯ ಅಲ್ಲಿ ಒಂದು ಗಂಟೆ ಮೊದಲೇ ಹುಟ್ಟಿ, ಒಂದು ಗಂಟೆ ಮೊದಲೇ ಮುಳುಗುತ್ತಾನೆ. ಡಿಸೆಂಬರ್ ಕೊನೆಯಲ್ಲಿ ಸೂರ್ಯೋದಯ ಸುಮಾರು ಐದೂವರೆಗೆ, ಸೂರ್ಯಾಸ್ತ ಐದು ಗಂಟೆಯ ಹೊತ್ತಿಗೆ. ಏಪ್ರಿಲ್‌ನಲ್ಲಿ ಬೆಳಗಾಗುವುದು ಐದೂಕಾಲರ ಆಸುಪಾಸು.

ಆದ್ದರಿಂದ ಮೊದಲ ನಿಯಮ ಇದು: ಎಲ್ಲ ಕಾರ್ಯಕ್ರಮಗಳನ್ನೂ ಒಂದು ಗಂಟೆ ಹಿಂದಕ್ಕೆ ತಳ್ಳಬೇಕು. ಬೆಳಿಗ್ಗೆ ಐದಕ್ಕೆ ಎದ್ದರೆ ಹತ್ತು ಗಂಟೆಯೊಳಗೆ ನೀರಿನ ಆಟಗಳೆಲ್ಲ ಮುಗಿಯುತ್ತವೆ. ಹತ್ತರಿಂದ ಎರಡರವರೆಗೆ ಸುಡುಬಿಸಿಲು. ಅದು ನೆರಳಿಗೆ, ವಸ್ತುಸಂಗ್ರಹಾಲಯಕ್ಕೆ, ನಿದ್ದೆಗೆ ಮೀಸಲು. ಮೂರಕ್ಕೆ ಮತ್ತೆ ಹೊರಟರೆ ಸೂರ್ಯಾಸ್ತ ಸಿಗುತ್ತದೆ. ರಾತ್ರಿ ಒಂಬತ್ತಕ್ಕೆ ಮಲಗಿದ ಮಗು ಮರುದಿನ ಐದಕ್ಕೆ ಏಳಲು ಗೊಣಗುವುದಿಲ್ಲ.

ಗಾಳಿ ಗೊತ್ತುಮಾಡುವ ತಿಂಗಳು

ನೈರುತ್ಯ ಮಾರುತ ಕೇರಳವನ್ನು ಮುಟ್ಟುವ ಮೊದಲು ಅಂಡಮಾನನ್ನು ಮುಟ್ಟುತ್ತದೆ. ಸಾಮಾನ್ಯವಾಗಿ ಮೇ ಮೂರನೆಯ ವಾರದ ಹೊತ್ತಿಗೆ ಅಲ್ಲಿ ಮಳೆ ಹಿಡಿಯುತ್ತದೆ. ಹಾಗಾಗಿ ಬೇಸಿಗೆ ರಜೆಯಲ್ಲಿ ಹೋಗುವವರು ಏಪ್ರಿಲ್‌ನಲ್ಲೇ ಹೋಗಿಬರುವುದು ಜಾಣತನ. ದಸರಾ ರಜೆ ಅಷ್ಟು ನಂಬಿಕೆಯದಲ್ಲ. ಅಕ್ಟೋಬರಿನಿಂದ ಡಿಸೆಂಬರ್ ನಡುವೆ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತಗಳು ಏಳುವುದುಂಟು. ಜನವರಿಯಿಂದ ಏಪ್ರಿಲ್‌ವರೆಗೆ ಕಡಲು ಹೆಚ್ಚು ಶಾಂತ, ನೀರು ಹೆಚ್ಚು ತಿಳಿ.

2016ರ ಡಿಸೆಂಬರಿನಲ್ಲಿ ಇಂಥದೇ ಬಿರುಗಾಳಿ ಎದ್ದು ದೋಣಿಗಳು ನಿಂತುಹೋದವು. ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಬಿದ್ದರು. ನೌಕಾಪಡೆ ಮತ್ತು ಕರಾವಳಿ ರಕ್ಷಣಾ ಪಡೆಯ ಹಡಗುಗಳು ಹೋಗಿ ಅವರನ್ನು ಕರೆತರಬೇಕಾಯಿತು. ದೂರದ ದ್ವೀಪದಿಂದ ಬೆಳಿಗ್ಗೆ ದೋಣಿ ಹಿಡಿದು ಬಂದು ಮಧ್ಯಾಹ್ನ ವಿಮಾನ ಏರುವ ಲೆಕ್ಕ ಕಾಗದದ ಮೇಲಷ್ಟೇ ಚೆನ್ನ. ವಿಮಾನದ ಹಿಂದಿನ ಇಡೀ ದಿನವನ್ನು ಪೋರ್ಟ್ ಬ್ಲೇರ್‌ನಲ್ಲಿ ಖಾಲಿ ಬಿಟ್ಟುಕೊಳ್ಳುವುದು ಖರ್ಚಲ್ಲ, ವಿಮೆ.

ತಿಥಿ ನೋಡಿ ಕಡಲಿಗೆ

ಅಡುಗೆಮನೆಯ ಗೋಡೆಯ ಮೇಲೆ ತೂಗುವ ಕ್ಯಾಲೆಂಡರಿನಲ್ಲಿ ಅಜ್ಜಿ ಹುಡುಕುವ ಅಮಾವಾಸ್ಯೆ, ಹುಣ್ಣಿಮೆ, ಅಷ್ಟಮಿಗಳು ದ್ವೀಪದಲ್ಲಿ ಬಲು ಉಪಯೋಗಕ್ಕೆ ಬರುತ್ತವೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯ, ಚಂದ್ರ, ಭೂಮಿ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಬರುವುದರಿಂದ ಆ ದಿನವೂ ಅದರ ಮರುದಿನಗಳಲ್ಲೂ ಉಬ್ಬರ ಅತಿ ಎತ್ತರ, ಇಳಿತ ಅತಿ ತಗ್ಗು. ಅಷ್ಟಮಿಯ ಸುಮಾರಿಗೆ ಎರಡರ ವ್ಯತ್ಯಾಸ ಅತಿ ಕಡಿಮೆ.

ನೀಲ್ ದ್ವೀಪದಲ್ಲಿ (2018ರಿಂದ ಶಹೀದ್ ದ್ವೀಪ) ಕಡಲು ಕೊರೆದು ಮಾಡಿದ ಕಲ್ಲಿನ ಸೇತುವೆಯೊಂದಿದೆ. ಅದರ ಬುಡಕ್ಕೆ ನಡೆದುಹೋಗಲು ಸಾಧ್ಯವಿರುವುದು ಇಳಿತದಲ್ಲಿ ಮಾತ್ರ. ಆಗ ಬಂಡೆಗಳ ನಡುವಿನ ಕುಳಿಗಳಲ್ಲಿ ನೀರು ನಿಂತು, ಕಡಲಸೌತೆ, ಏಡಿ, ಪುಟ್ಟ ಮೀನು, ನಕ್ಷತ್ರಮೀನುಗಳ ಸಂತೆಯೇ ನೆರೆದಿರುತ್ತದೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಾಲಯವಿಲ್ಲ. ಆದರೆ ಉಬ್ಬರದ ವೇಳೆಗೆ ಹೋದವರಿಗೆ ಕಾಣುವುದು ಬರೀ ನೀರು. ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಒಂದು ದಿನದ ವೇಳೆಯನ್ನು ಸ್ಥಳೀಯರಿಂದ ಕೇಳಿಕೊಂಡರೆ ಉಳಿದ ದಿನಗಳದ್ದನ್ನು ಏಳನೆಯ ತರಗತಿಯ ಹುಡುಗಿಯೇ ಲೆಕ್ಕ ಹಾಕಿ ಹೇಳಬಲ್ಲಳು.

ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಇಳಿತ ಕುಳಿ ನೋಡಲು ಲೇಸು. ಆದರೆ ಆಗ ನೀರಿನ ಸೆಳೆತವೂ ಹೆಚ್ಚು. ನೀರಿಗಿಳಿದು ಹವಳ ನೋಡಲು ಅಷ್ಟಮಿಯ ಆಸುಪಾಸಿನ ದಿನಗಳು ಉತ್ತಮ. ಇನ್ನು ಅಮಾವಾಸ್ಯೆಯ ಕತ್ತಲಿಗೆ ಬೇರೆಯೇ ಸೊಗಸು. ಕೆಲವು ರಾತ್ರಿಗಳಲ್ಲಿ ಕೈಯಾಡಿಸಿದಲ್ಲೆಲ್ಲ ಕಡಲ ನೀರು ನೀಲಿಯಾಗಿ ಮಿನುಗುತ್ತದೆ. ಕಲಕಿದಾಗ ಬೆಳಕು ಸೂಸುವ ಸೂಕ್ಷ್ಮಜೀವಿಗಳ ಕೆಲಸವಿದು. ಬೆಳದಿಂಗಳಲ್ಲಿ ಅದು ಕಣ್ಣಿಗೆ ಬೀಳುವುದು ಕಷ್ಟ.

ಮೊದಲು ಪಾಠ, ಆಮೇಲೆ ನೀರು

ಹವಳವನ್ನು ಕಲ್ಲು ಎಂದುಕೊಂಡವರು ಅದರ ಮೇಲೆ ಕಾಲಿಡುತ್ತಾರೆ. ಅದು ಪ್ರಾಣಿಗಳ ಕಾಲೊನಿ ಎಂದು ತಿಳಿದವರು ಕಾಲಿಡುವುದಿಲ್ಲ. ಆದ್ದರಿಂದ ಪೋರ್ಟ್ ಬ್ಲೇರ್‌ನಲ್ಲಿ ನೌಕಾಪಡೆ ನಡೆಸುವ ‘ಸಮುದ್ರಿಕಾ’ ವಸ್ತುಸಂಗ್ರಹಾಲಯವನ್ನು ಪ್ರವಾಸದ ಕೊನೆಗಲ್ಲ, ಆರಂಭಕ್ಕೇ ಇಟ್ಟುಕೊಳ್ಳಬೇಕು. ಹವಳದ ಪುಟ್ಟ ಪ್ರಾಣಿಯ ಮೈಯೊಳಗೆ ಸೂಕ್ಷ್ಮ ಪಾಚಿಗಳು ವಾಸಿಸುತ್ತವೆ. ಅವು ಬಿಸಿಲಿನಿಂದ ಆಹಾರ ತಯಾರಿಸಿ ಮನೆಯೊಡೆಯನಿಗೂ ಕೊಡುತ್ತವೆ. ಬಣ್ಣವೂ ಬಹುಮಟ್ಟಿಗೆ ಅವುಗಳದ್ದೇ. ಕಡಲ ಉಷ್ಣತೆ ಬೇಸಿಗೆಯ ವಾಡಿಕೆಯ ಮಟ್ಟಕ್ಕಿಂತ ಒಂದು ಡಿಗ್ರಿಯಷ್ಟು ಮೇಲೇರಿ ಕೆಲವು ವಾರ ಹಾಗೇ ಉಳಿದರೆ ಸಾಕು, ಹವಳ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಅಂಡಮಾನಿನಲ್ಲಿ 1998, 2010 ಮತ್ತು 2016ರಲ್ಲಿ ಹೀಗಾಯಿತು. ಜಾಹೀರಾತಿನಲ್ಲಿ ಕಂಡಷ್ಟು ಬಣ್ಣ ನೀರಿನಡಿ ಕಾಣದಿದ್ದರೆ ಮಕ್ಕಳಿಗೆ ಹೇಳಬೇಕಾದ ಕಾರಣಗಳಲ್ಲಿ ಇದೂ ಒಂದು.

ಈಜು ಬಾರದ ಮಕ್ಕಳೂ ರಕ್ಷಾಕವಚ ತೊಟ್ಟು, ತರಬೇತುದಾರನ ಕೈ ಹಿಡಿದು, ಉಸಿರ್ನಳಿಗೆಯ ಸಹಾಯದಿಂದ ಮೇಲ್ಮೈಯಲ್ಲೇ ತೇಲುತ್ತ ಹವಳ ನೋಡಬಹುದು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಆಳಕ್ಕಿಳಿಯುವ ಸ್ಕೂಬಾ ಆಟಕ್ಕೆ ಸಾಮಾನ್ಯವಾಗಿ ಹತ್ತು ವರ್ಷ ತುಂಬಿರಬೇಕು. ಅಸ್ತಮಾ, ಕಿವಿನೋವು, ಹೃದಯದ ತೊಂದರೆಗಳನ್ನು ಮುಚ್ಚಿಡುವುದು ಪ್ರಾಣಕ್ಕೇ ಅಪಾಯ.

ಮತ್ತೊಂದು ಎಚ್ಚರಿಕೆಯನ್ನು ಬಹಳ ಮಂದಿ ಮರೆಯುತ್ತಾರೆ. ಆಳದ ಒತ್ತಡದಲ್ಲಿ ಉಸಿರಾಡಿದಾಗ ಸಾರಜನಕ ಹೆಚ್ಚು ಪ್ರಮಾಣದಲ್ಲಿ ರಕ್ತದಲ್ಲಿ ಕರಗುತ್ತದೆ. ಕೂಡಲೇ ವಿಮಾನವೇರಿ ಕಡಿಮೆ ಒತ್ತಡಕ್ಕೆ ಹೋದರೆ, ಮುಚ್ಚಳ ತೆಗೆದ ಸೋಡಾ ಬಾಟಲಿಯಲ್ಲಿ ಗುಳ್ಳೆ ಏಳುವಂತೆ ದೇಹದೊಳಗೂ ಗುಳ್ಳೆ ಏಳಬಹುದು. ಒಮ್ಮೆ ಮುಳುಗಿದವರು ಕನಿಷ್ಠ 12 ಗಂಟೆ, ಹಲವು ಬಾರಿ ಮುಳುಗಿದವರು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ಸ್ಕೂಬಾ ಇರಬೇಕಾದದ್ದು ಪ್ರವಾಸದ ನಡುವಿನಲ್ಲಿ, ಕೊನೆಯ ದಿನವಲ್ಲ.

ಬಿಟ್ಟುಬಿಡಬೇಕಾದ ಆಸೆಗಳು

ಯೋಜನೆ ಎಂದರೆ ಸೇರಿಸುವುದಷ್ಟೇ ಅಲ್ಲ, ಬಿಡುವುದೂ ಹೌದು. ಬಾರಾತಾಂಗ್ ದ್ವೀಪದ ಸುಣ್ಣಕಲ್ಲಿನ ಗುಹೆಗಳಿಗೆ ಹೋಗುವ ರಸ್ತೆ ಜಾರವಾ ಜನಾಂಗದ ಮೀಸಲು ಕಾಡನ್ನು ಸೀಳಿಕೊಂಡು ಹೋಗುತ್ತದೆ. ಆ ಜನ ಕೆಲವೇ ನೂರು ಮಂದಿ. ಹೊರಗಿನ ರೋಗಗಳನ್ನು ತಡೆಯುವ ಶಕ್ತಿ ಅವರ ಮೈಯಲ್ಲಿ ಬೆಳೆದಿಲ್ಲ. 1999ರಲ್ಲಿ ಅವರಲ್ಲಿ ದಡಾರ ಹರಡಿತ್ತು. ಮೀಸಲು ಪ್ರದೇಶದಲ್ಲಿ ಈ ರಸ್ತೆಯನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿತ್ತು. ಅಲ್ಲಿ ವಾಹನ ನಿಲ್ಲಿಸುವುದು, ತಿಂಡಿ ಕೊಡುವುದು, ಫೋಟೊ ತೆಗೆಯುವುದು ಎಲ್ಲವೂ ಅಪರಾಧ. ಆದರೂ ಕಿಟಕಿಗೆ ಮುಖವೊತ್ತಿ ಕುಳಿತ ಮಗು ‘ಕಾಣಿಸಿದರಾ?’ ಎಂದು ಕೇಳುವುದನ್ನು ಯಾವ ಕಾನೂನೂ ತಡೆಯದು. ಮನುಷ್ಯರನ್ನು ಮೃಗಾಲಯದ ಪ್ರಾಣಿಗಳಂತೆ ನೋಡುವ ಕಣ್ಣು ಮಕ್ಕಳಿಗೆ ಬರುವುದು ಬೇಡ ಎನ್ನುವ ಹೆತ್ತವರು ಈ ದಾರಿಯನ್ನೇ ಕೈಬಿಡಬಹುದು. ಅದರಿಂದ ಪ್ರವಾಸಕ್ಕೆ ಕೊರತೆಯೇನೂ ಆಗದು.

ಎರಡನೆಯದು ಹವಳ, ಚಿಪ್ಪು ಹೆಕ್ಕುವ ಆಸೆ. ಹವಳಕ್ಕೆ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ವಿಮಾನ ನಿಲ್ದಾಣದಲ್ಲಿ ಚೀಲ ತೆರೆಸಿದಾಗ ಮುಜುಗರ ತಪ್ಪದು. ಮೂರನೆಯದು ಎಲ್ಲೆಂದರಲ್ಲಿ ನೀರಿಗೆ ಹಾರುವ ಹುಮ್ಮಸ್ಸು. ತೊರೆಗಳು ಕಡಲು ಸೇರುವ ಕಡೆ, ಕಾಂಡ್ಲಾ ಕಾಡಿನ ಅಂಚಿನಲ್ಲಿ ಉಪ್ಪುನೀರಿನ ಮೊಸಳೆಗಳಿವೆ. 2010ರಲ್ಲಿ ಹ್ಯಾವ್‌ಲಾಕ್‌ನಲ್ಲಿ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ಎಚ್ಚರಿಕೆಯ ಫಲಕ, ಕೆಂಪು ಬಾವುಟ ಇದ್ದಲ್ಲಿ ‘ಒಂದೇ ಒಂದು ಮುಳುಗು’ ಎಂಬ ಮಾತೂ ಬೇಡ.

ಎಂಟು ದಿನಗಳ ಲೆಕ್ಕ

ಇಷ್ಟನ್ನೂ ಕೂಡಿಸಿದರೆ ಯೋಜನೆ ತಾನಾಗಿಯೇ ರೂಪುಗೊಳ್ಳುತ್ತದೆ. ಮೊದಲ ದಿನ ತಲುಪಿದ ಮೇಲೆ ಸೆಲ್ಯುಲರ್ ಜೈಲು. 1906ರಲ್ಲಿ ಪೂರ್ಣಗೊಂಡ ಈ ಏಳು ತೋಳಿನ ಕಟ್ಟಡದಲ್ಲಿ ಈಗ ಉಳಿದಿರುವುದು ಮೂರು ತೋಳು. ಒಬ್ಬನ ಮುಖ ಇನ್ನೊಬ್ಬನಿಗೆ ಕಾಣದಂತೆ ಕಟ್ಟಿದ ಕೋಣೆಯೊಂದರಲ್ಲಿ ಮಕ್ಕಳು ಎರಡು ನಿಮಿಷ ಸುಮ್ಮನೆ ನಿಂತರೆ ಸ್ವಾತಂತ್ರ್ಯ ಹೋರಾಟದ ಪಾಠ ಅರ್ಥವಾಗುತ್ತದೆ. ಎರಡನೆಯ ದಿನ ಬೆಳಿಗ್ಗೆ ರಾಸ್ ದ್ವೀಪ (ನೇತಾಜಿ ಸುಭಾಷ್‌ಚಂದ್ರ ಬೋಸ್ ದ್ವೀಪ), ಬಿಸಿಲೇರಿದಾಗ ಸಮುದ್ರಿಕಾ. ಮೂರನೆಯ ದಿನ ಬೆಳಗಿನ ದೋಣಿಯಲ್ಲಿ ಹ್ಯಾವ್‌ಲಾಕ್ (ಸ್ವರಾಜ್ ದ್ವೀಪ), ಸಂಜೆ ಪಶ್ಚಿಮಕ್ಕೆ ಮುಖ ಮಾಡಿದ ರಾಧಾನಗರ ತೀರದಲ್ಲಿ ಸೂರ್ಯಾಸ್ತ. ನಾಲ್ಕನೆಯ ದಿನ ಪೂರ್ವದ ಕಾಲಾಪತ್ಥರ್ ತೀರದಲ್ಲಿ ಸೂರ್ಯೋದಯ, ಆಮೇಲೆ ನೀರಿನಾಟ. ಕಾರವಾರ, ಮಂಗಳೂರಿನವರಿಗೆ ಕಡಲಲ್ಲಿ ಮುಳುಗುವ ಸೂರ್ಯ ಗೊತ್ತು; ಕಡಲಿನಿಂದಲೇ ಹುಟ್ಟುವ ಸೂರ್ಯ ಹೊಸಬ. ಐದು ಮತ್ತು ಆರನೆಯ ದಿನ ಇಳಿತದ ವೇಳೆ ನೋಡಿಕೊಂಡು ನೀಲ್, ಅಲ್ಲಿಂದ ಪೋರ್ಟ್ ಬ್ಲೇರಿಗೆ ವಾಪಸು.

ಏಳನೆಯದು ಬಿಡುವಿನ ದಿನ. ಹವಾಮಾನ ಕೈಕೊಡದಿದ್ದರೆ ಆ ದಿನ ವಂಡೂರಿನ ಕಡೆ ಹೋಗಬಹುದು. ದಾರಿಯಲ್ಲಿ ಸಿಪ್ಪಿಘಾಟ್ ಬಳಿ ನೀರು ನಿಂತ ವಿಶಾಲ ಬಯಲು ಸಿಗುತ್ತದೆ. ಅದು ಕೆರೆಯಲ್ಲ, ಹಿಂದೆ ಗದ್ದೆಯಾಗಿತ್ತು. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ದಕ್ಷಿಣ ಅಂಡಮಾನಿನ ನೆಲ ಸುಮಾರು ಒಂದು ಮೀಟರಿನಷ್ಟು ಕುಸಿದು ಕಡಲು ಒಳಗೆ ಬಂತು. ಇಳಿತದ ನೀರು ಹಿಂದೆ ಸರಿಯಲು ಸುಮಾರು ಆರು ಗಂಟೆ ಬೇಕು; ನಿಮಿಷಗಳಲ್ಲೇ ಕಡಲು ಹಿಂದೆ ಸರಿದರೆ ಚಿಪ್ಪು ನೋಡಲು ನಿಲ್ಲದೆ ಎತ್ತರಕ್ಕೆ ಓಡಬೇಕು ಎಂಬ ಮಾತನ್ನು ಮಕ್ಕಳಿಗೆ ಹೇಳಲು ಇದಕ್ಕಿಂತ ತಕ್ಕ ಜಾಗವಿಲ್ಲ. ಎಂಟನೆಯ ದಿನ ವಿಮಾನ.

ಅಜ್ಜನಿಗೊಂದು ಕೆಲಸ

ಡಿಸೆಂಬರಿನಲ್ಲಿ ಹೋಗುವ ಮಕ್ಕಳು ಒಂದು ನೋಟ್‌ಬುಕ್ಕು, ಒಂದು ಅಡಿ ಉದ್ದದ ಕೋಲು ಒಯ್ಯಲಿ. ಮರಳಲ್ಲಿ ಕೋಲನ್ನು ನೆಟ್ಟಗೆ ನೆಟ್ಟು, ಹನ್ನೊಂದು ಗಂಟೆಯಿಂದ ಐದೈದು ನಿಮಿಷಕ್ಕೆ ನೆರಳಿನ ತುದಿ ಗುರುತಿಸಲಿ. ನೆರಳು ಅತಿ ಗಿಡ್ಡವಾಗುವುದು ಹನ್ನೆರಡಕ್ಕಲ್ಲ, ಸುಮಾರು ಹನ್ನೊಂದು ಇಪ್ಪತ್ತಕ್ಕೆ. ಅದೇ ದಿನ ಬೆಂಗಳೂರಿನ ತಾರಸಿಯ ಮೇಲೆ ಅಜ್ಜ ಹೀಗೆಯೇ ಗುರುತಿಸಿದರೆ ಅವರಿಗೆ ಸಿಗುವುದು ಹನ್ನೆರಡು ಇಪ್ಪತ್ತು. ವ್ಯತ್ಯಾಸ 60 ನಿಮಿಷ; ನಾಲ್ಕರಿಂದ ಭಾಗಿಸಿದರೆ 15 ಡಿಗ್ರಿ. ಈ ಅಕ್ಷಾಂಶದಲ್ಲಿ ಒಂದು ಡಿಗ್ರಿಗೆ ಸುಮಾರು 109 ಕಿಲೋಮೀಟರ್. ಗುಣಿಸಿದರೆ 1,635 ಕಿಲೋಮೀಟರ್. ಅಜ್ಜನಿಗೂ ಮೊಮ್ಮಗಳಿಗೂ ನಡುವಿನ ದೂರವನ್ನು ಒಂದು ಕೋಲಿನಿಂದ ಅಳೆದಂತಾಯಿತು. ರಾತ್ರಿ ಫೋನಿನಲ್ಲಿ ಇಬ್ಬರೂ ಲೆಕ್ಕ ತಾಳೆ ನೋಡಿಕೊಳ್ಳಲಿ.