ಮರುಭೂಮಿಯ ಬಿಸಿಲು ಮತ್ತು ಕೈಯಲ್ಲಿರುವ ಸ್ಮಾರ್ಟ್ ವಾಚ್

ಒಂದು ಕಾಲದಲ್ಲಿ ಗಲ್ಫ್‌ನಿಂದ ಊರಿಗೆ ಬರುವವರ ಪೆಟ್ಟಿಗೆಯಲ್ಲಿ ಅತ್ತರು, ಕಂಬಳಿ, ಟಾರ್ಚು, ಟೇಪ್ ರೆಕಾರ್ಡರ್ ಇರುತ್ತಿದ್ದವು. ಈಗ ಅವುಗಳ ಜಾಗಕ್ಕೆ ಸ್ಮಾರ್ಟ್ ವಾಚ್ ಬಂದಿದೆ. ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ದುಬೈ, ದಮ್ಮಾಮ್, ದೋಹಾ, ಕುವೈತ್‌ಗೆ ಹೋಗಿರುವ ನಮ್ಮ ಯುವಕರಲ್ಲಿ ಅನೇಕರ ಕೈಯಲ್ಲಿ ಇದು ಇದೆ. ನಡೆದ ಹೆಜ್ಜೆ, ಹೃದಯ ಬಡಿತ, ನಿದ್ದೆಯ ಗಂಟೆ, ರಕ್ತದಲ್ಲಿನ ಆಮ್ಲಜನಕ ಎಲ್ಲವನ್ನೂ ಅದು ಅಂಕಿಯಲ್ಲಿ ತೋರಿಸುತ್ತದೆ. ‘ವಾಚ್ ಎಲ್ಲ ಸರಿಯಿದೆ ಅನ್ನುತ್ತಿದೆ’ ಎಂಬ ಧೈರ್ಯದಲ್ಲಿ ಬಿಸಿಲಿಗೆ ಇಳಿಯುವವರೂ ಇದ್ದಾರೆ.

ಎಚ್ಚರ ಬೇಕಾದದ್ದು ಇಲ್ಲಿಯೇ. ಮರುಭೂಮಿಯ ಬೇಸಿಗೆಯಲ್ಲಿ ಮನುಷ್ಯನ ಜೀವಕ್ಕೆ ಕುತ್ತು ತರುವುದು ಮುಖ್ಯವಾಗಿ ಎರಡು ಸಂಗತಿ. ಒಂದು, ದೇಹದ ಒಳಗಿನ ಶಾಖ ಮಿತಿಮೀರುವುದು. ಎರಡು, ದೇಹದ ನೀರು ಬತ್ತುವುದು. ನಾವು ಕೊಳ್ಳುವ ಸಾಮಾನ್ಯ ವಾಚ್‌ಗಳು ಇವೆರಡನ್ನೂ ಅಳೆಯುವುದಿಲ್ಲ. ಹಾಗಾದರೆ ಅದು ನಿರುಪಯೋಗಿಯೇ? ಅಲ್ಲ. ಅದು ಏನನ್ನು ಅಳೆಯುತ್ತದೆ ಎಂದು ತಿಳಿದು ಬಳಸಿದರೆ ಒಳ್ಳೆಯ ಸಹಾಯಕ.

ವಾಚ್ ಏನನ್ನು ಅಳೆಯುತ್ತದೆ?

ವಾಚಿನ ಅಡಿಭಾಗದಲ್ಲಿ ಹಸಿರು ಬೆಳಕು ಮಿನುಗುವುದನ್ನು ನೀವು ನೋಡಿರಬಹುದು. ಪ್ರತಿ ಬಡಿತಕ್ಕೂ ಮಣಿಕಟ್ಟಿನ ಚರ್ಮದಡಿಯ ಸಣ್ಣ ರಕ್ತನಾಳಗಳಲ್ಲಿ ರಕ್ತ ಹೆಚ್ಚಿ ಕಡಿಮೆಯಾಗುತ್ತದೆ. ಆ ಬೆಳಕು ಎಷ್ಟು ಹಿಂದಿರುಗಿತು ಎಂಬುದರಿಂದ ವಾಚ್ ಬಡಿತವನ್ನು ಎಣಿಸುತ್ತದೆ. ಸುಮ್ಮನೆ ಕುಳಿತಿರುವಾಗ ಈ ಲೆಕ್ಕ ಸಾಕಷ್ಟು ನಂಬಬಹುದಾದದ್ದು. ಭಾರ ಎತ್ತುವಾಗ, ಸುತ್ತಿಗೆ ಬೀಸುವಾಗ, ಬೆವರಿಗೆ ಪಟ್ಟಿ ಜಾರುವಾಗ ತಪ್ಪುವ ಸಂಭವ ಹೆಚ್ಚು. ಎ.ಸಿ.ಯ ಚಳಿಗೆ ಕೈ ತಣ್ಣಗಾಗಿ ರಕ್ತನಾಳ ಕುಗ್ಗಿದಾಗಲೂ ಅಳತೆ ಏರುಪೇರಾಗುತ್ತದೆ.

ಕೆಲವು ವಾಚ್‌ಗಳು ಉಷ್ಣತೆಯನ್ನೂ ತೋರಿಸುತ್ತವೆ. ಅದು ಮಣಿಕಟ್ಟಿನ ಚರ್ಮದ ಉಷ್ಣತೆ, ದೇಹದೊಳಗಿನದ್ದಲ್ಲ. ಆಮ್ಲಜನಕದ ಅಂಕಿಯೂ ಅಂದಾಜು ಮಾತ್ರ. ಬೆರಳಿಗೆ ಹಾಕುವ ಆಕ್ಸಿಮೀಟರ್ ಕೂಡ ಕಪ್ಪು ಚರ್ಮದವರಲ್ಲಿ ನಿಖರತೆ ಕಳೆದುಕೊಳ್ಳಬಹುದು ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ (ಎಫ್‌ಡಿಎ) 2021ರಲ್ಲಿ ಎಚ್ಚರಿಸಿತ್ತು. ಧೂಳಿನ ಬಿರುಗಾಳಿ ಎದ್ದ ದಿನ ಆಸ್ತಮಾ ಇರುವವರಿಗೆ ಉಸಿರು ಕಟ್ಟಿದರೆ ವಾಚಿನಲ್ಲಿ 97 ಇದೆ ಎಂದು ಸುಮ್ಮನಿರಬಾರದು.

ಬಿಸಿಲಿನಲ್ಲಿ ಹೃದಯ ಏಕೆ ಓಡುತ್ತದೆ?

ದೇಹ ತನ್ನ ಶಾಖವನ್ನು ಹೊರಹಾಕಲು ರಕ್ತವನ್ನು ಚರ್ಮದ ಕಡೆಗೆ ಕಳಿಸುತ್ತದೆ, ಬೆವರು ಸುರಿಸುತ್ತದೆ. ಕೆಲಸ ಮಾಡುವ ಸ್ನಾಯುಗಳಿಗೂ ರಕ್ತ ಬೇಕು. ಬೆವರು ಹೋದಂತೆ ರಕ್ತದಲ್ಲಿನ ನೀರಿನ ಅಂಶ ಇಳಿಯುತ್ತದೆ. ಇದ್ದಷ್ಟು ರಕ್ತದಲ್ಲಿ ಎರಡೂ ಕಡೆ ಪೂರೈಸಬೇಕಾದ ಹೃದಯ ಬೇಗ ಬೇಗ ಬಡಿಯತೊಡಗುತ್ತದೆ. ಊರಿನಲ್ಲಿ ಮಾಡಿದರೆ 100 ಬಡಿತದಲ್ಲಿ ಮುಗಿಯುವ ಕೆಲಸಕ್ಕೆ ಅಲ್ಲಿ 120, 130 ಆಗುವುದು ಇದರಿಂದಲೇ. ವಾಚ್ ಅದನ್ನು ‘ಒಳ್ಳೆಯ ವ್ಯಾಯಾಮ’ ಎಂದು ಲೆಕ್ಕ ಹಾಕಿ ಅಭಿನಂದಿಸಲೂಬಹುದು. ಆದರೆ ಅದು ವ್ಯಾಯಾಮವಲ್ಲ, ದೇಹ ಶಾಖದೊಡನೆ ನಡೆಸುವ ಹೋರಾಟ.

ಈ ಶಾಖ ಎಂಥದ್ದೆಂದು ತಿಳಿಯಲು ಒಂದು ಅಂಕಿ ಸಾಕು. 2016ರ ಜುಲೈ 21ರಂದು ಕುವೈತ್‌ನ ಮಿತ್ರಿಬಾದಲ್ಲಿ ದಾಖಲಾದ 53.9 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ವಿಶ್ವ ಹವಾಮಾನ ಸಂಸ್ಥೆ ಪರಿಶೀಲಿಸಿ ಅಂಗೀಕರಿಸಿದೆ. ಆದರೆ ಕಡಲ ತೀರದ ದುಬೈ, ದೋಹಾ, ದಮ್ಮಾಮ್‌ಗಳಲ್ಲಿ ಇನ್ನೊಂದು ಅಪಾಯವಿದೆ. ಗಾಳಿಯಲ್ಲಿ ತೇವ ತುಂಬಿರುವ ದಿನ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ದೇಹ ತಂಪಾಗುವುದಿಲ್ಲ. ಅಂಥ ದಿನ 42 ಡಿಗ್ರಿಯೂ ಒಣ ಮರುಭೂಮಿಯ 48ಕ್ಕಿಂತ ಕೆಟ್ಟದಾಗಬಹುದು. ಫೋನಿನಲ್ಲಿ ಉಷ್ಣತೆಯ ಜೊತೆಗೆ ‘ಫೀಲ್ಸ್ ಲೈಕ್’ ಎಂಬ ಅಂಕಿಯನ್ನೂ ನೋಡಬೇಕಾದದ್ದು ಇದಕ್ಕೆ.

ಕೊಲ್ಲಿ ದೇಶಗಳ ಸರಕಾರಗಳು ಬೇಸಿಗೆಯ ಮಧ್ಯಾಹ್ನ ಬಯಲಿನ ಕೆಲಸವನ್ನು ನಿಷೇಧಿಸಿವೆ. ಯು.ಎ.ಇ.ಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3, ಸೌದಿಯಲ್ಲಿ ಅದೇ ದಿನಗಳಲ್ಲಿ 12ರಿಂದ 3, ಕತಾರ್‌ನಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ 3.30, ಕುವೈತ್‌ನಲ್ಲಿ ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ 11ರಿಂದ 4. ಕತಾರ್‌ನಲ್ಲಿ ಶಾಖ, ತೇವ, ಬಿಸಿಲು, ಗಾಳಿ ಎಲ್ಲವನ್ನೂ ಸೇರಿಸಿ ಅಳೆಯುವ ಸೂಚ್ಯಂಕ 32.1 ಡಿಗ್ರಿ ದಾಟಿದರೆ ಯಾವ ಹೊತ್ತಿನಲ್ಲೂ ಕೆಲಸ ನಿಲ್ಲಿಸಬೇಕೆಂಬ ನಿಯಮ 2021ರಿಂದ ಇದೆ. ಇದು ನಿಮ್ಮ ಹಕ್ಕು. ವಾಚಿನಲ್ಲಿ ಬಡಿತ ಎಷ್ಟೇ ಇರಲಿ, ಈ ಹೊತ್ತಿನಲ್ಲಿ ನೆರಳಿಗೆ ಬನ್ನಿ.

ಮರುಭೂಮಿಯ ಜನರಿಗೆ ಇದು ಹೊಸ ಪಾಠವೇನಲ್ಲ. ಫಜ್ರ್ ಮುಗಿಸಿ ಕೆಲಸ, ಮಧ್ಯಾಹ್ನ ಕೈಲೂಲ ಎಂಬ ಕಿರುನಿದ್ದೆ, ಅಸರ್ ನಂತರ ಮತ್ತೆ ಕೆಲಸ ಎಂಬುದು ಅಲ್ಲಿನ ಹಳೆಯ ಕ್ರಮ. ಬಿಸಿಲು ತೀವ್ರವಾದಾಗ ಝುಹ್ರ್ ನಮಾಝನ್ನು ತುಸು ತಂಪಾಗುವವರೆಗೆ ಮುಂದೂಡುವಂತೆ ಪ್ರವಾದಿವರ್ಯರು(ಸ) ಸೂಚಿಸಿರುವುದರಲ್ಲೂ ದೇಹದ ಮೇಲಿನ ಈ ಕರುಣೆ ಕಾಣುತ್ತದೆ.

ನಿಮ್ಮದೇ ಲೆಕ್ಕ ಇಟ್ಟುಕೊಳ್ಳಿ

ವಾಚಿನ ಅತಿ ದೊಡ್ಡ ಪ್ರಯೋಜನ ಒಂದು ದಿನದ ಅಂಕಿಯಲ್ಲಿಲ್ಲ, ಹಲವು ದಿನಗಳ ಹೋಲಿಕೆಯಲ್ಲಿದೆ. ವಿಶ್ರಾಂತಿಯಲ್ಲಿರುವ ವಯಸ್ಕರ ಬಡಿತ ನಿಮಿಷಕ್ಕೆ 60ರಿಂದ 100 ಇರುವುದು ಸಾಮಾನ್ಯ. ನಿಮ್ಮದು 64 ಇರಬಹುದು, ಗೆಳೆಯನದು 78. ಫಜ್ರ್‌ಗೆ ಎಚ್ಚರವಾದಾಗ ಹಾಸಿಗೆಯಲ್ಲೇ ಒಂದು ನಿಮಿಷ ಕುಳಿತು ಬಡಿತ ನೋಡಿ. ಎರಡು ವಾರ ಹೀಗೆ ಮಾಡಿದರೆ ನಿಮ್ಮ ಸಹಜ ಅಂಕಿ ಸಿಗುತ್ತದೆ. ಅದಕ್ಕಿಂತ 10ರಷ್ಟು ಹೆಚ್ಚು ಎರಡು ಮೂರು ದಿನ ಸತತವಾಗಿ ಕಂಡರೆ ಜ್ವರ, ನಿದ್ದೆಗೇಡು, ನೀರಿನ ಕೊರತೆ ಅಥವಾ ಹಿಂದಿನ ದಿನದ ದಣಿವು ಇನ್ನೂ ತೀರಿಲ್ಲ ಎಂದು ತಿಳಿಯಿರಿ.

ಬಿಸಿಲಿನಲ್ಲಿ ದುಡಿಯುವವರಿಗೆ ಅಮೆರಿಕದ ಕಾರ್ಮಿಕ ಆರೋಗ್ಯ ತಜ್ಞರ ಎರಡು ಸೂತ್ರಗಳು ಉಪಯುಕ್ತ. ವಿಶ್ರಾಂತಿಗೆ ಕುಳಿತ ಕೂಡಲೇ ಬಡಿತ 110ಕ್ಕಿಂತ ಹೆಚ್ಚಿದ್ದರೆ ಮುಂದಿನ ಸರದಿಯ ಕೆಲಸದ ಹೊತ್ತನ್ನು ಮೂರನೇ ಒಂದು ಭಾಗ ಕಡಿಮೆ ಮಾಡಬೇಕು. ಇನ್ನೊಂದು, 180ರಿಂದ ನಿಮ್ಮ ವಯಸ್ಸನ್ನು ಕಳೆಯಿರಿ. 40 ವರ್ಷದವರಿಗೆ 140 ಬರುತ್ತದೆ. ಹಲವು ನಿಮಿಷ ಬಡಿತ ಅದಕ್ಕಿಂತ ಮೇಲೆಯೇ ನಿಂತರೆ ಕೆಲಸ ನಿಲ್ಲಿಸಬೇಕು. ಬಿ.ಪಿ.ಗೆ ಅಥವಾ ಹೃದಯಕ್ಕೆ ‘ಬೀಟಾ ಬ್ಲಾಕರ್’ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಸೂತ್ರ ಸಲ್ಲದು. ಆ ಮಾತ್ರೆ ಬಡಿತವನ್ನು ತಗ್ಗಿಸಿಡುವುದರಿಂದ ಅಪಾಯ ಬಂದರೂ ವಾಚಿನಲ್ಲಿ ಅಂಕಿ ಏರದೆ ಇರಬಹುದು.

ರಜೆ ಮುಗಿಸಿ ಊರಿನಿಂದ ಹಿಂದಿರುಗಿದ ಮೊದಲ ವಾರ ವಿಶೇಷ ಎಚ್ಚರ ಬೇಕು. ಶಾಖಕ್ಕೆ ದೇಹ ಒಗ್ಗಿಕೊಳ್ಳಲು ಒಂದರಿಂದ ಎರಡು ವಾರ ಹಿಡಿಯುತ್ತದೆ. ಹತ್ತು ವರ್ಷದಿಂದ ಅಲ್ಲೇ ಇದ್ದವರೂ ಎರಡು ತಿಂಗಳು ಊರಿನ ಮಳೆಯಲ್ಲಿ ಕಳೆದು ಹೋದರೆ ಹೊಸಬರಂತೆಯೇ.

ನೀರಿನ ಲೆಕ್ಕ

ವಾಚಿನಲ್ಲಿ ‘ನೀರು ಕುಡಿಯಿರಿ’ ಎಂದು ನೆನಪಿಸುವ ಸೌಲಭ್ಯವಿದೆ. ಅದು ಅಲಾರಂ ಮಾತ್ರ, ನಿಮ್ಮಲ್ಲಿ ಎಷ್ಟು ನೀರಿದೆ ಎಂದು ಅದಕ್ಕೆ ಗೊತ್ತಿಲ್ಲ. ಅದನ್ನು ಹೇಳುವುದು ಮೂತ್ರದ ಬಣ್ಣ. ತಿಳಿ ಹಳದಿಯಿದ್ದರೆ ಒಳ್ಳೆಯದು. ಚಹಾದಂತೆ ಕಪ್ಪಾಗಿದ್ದರೆ ಅಥವಾ ಅರ್ಧ ದಿನ ಮೂತ್ರವೇ ಬಾರದಿದ್ದರೆ ಮೂತ್ರಪಿಂಡಗಳು ಕಷ್ಟದಲ್ಲಿವೆ. ವರ್ಷಗಟ್ಟಲೆ ಹೀಗಾದರೆ ಅವಕ್ಕೆ ಶಾಶ್ವತ ಹಾನಿಯಾಗಬಹುದು.

ಬಿಸಿಲಿನ ಕೆಲಸದಲ್ಲಿ 15ರಿಂದ 20 ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ ಸುಮಾರು 240 ಮಿ.ಲೀ. ನೀರು ಕುಡಿಯಬೇಕು. ಗಂಟೆಗೆ ಒಂದೂವರೆ ಲೀಟರಿಗಿಂತ ಹೆಚ್ಚು ಬೇಡ. ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಉಪ್ಪಿನ ಅಂಶ ತೆಳುವಾಗಿ ಅದೂ ಅಪಾಯ. ಗಂಟೆಗಟ್ಟಲೆ ಬೆವರಿದ ದಿನ ಊಟ ಬಿಡಬೇಡಿ, ಉಪ್ಪು ಹಾಕಿದ ಮಜ್ಜಿಗೆ ಅಥವಾ ಓ.ಆರ್.ಎಸ್. ಕುಡಿಯಿರಿ. ಎನರ್ಜಿ ಡ್ರಿಂಕ್ ಇದಕ್ಕೆ ಬದಲಿಯಲ್ಲ.

ವುಝೂ, ಬೆವರು ಮತ್ತು ಚರ್ಮ

ವುಝೂ ಮಾಡುವಾಗ ಕೈಗಳನ್ನು ಮೊಣಕೈವರೆಗೆ ತೊಳೆಯಬೇಕು, ನೀರು ಚರ್ಮದ ಎಲ್ಲ ಭಾಗಕ್ಕೂ ತಲುಪಬೇಕು. ಬಿಗಿಯಾಗಿ ಕಟ್ಟಿದ ವಾಚಿನಡಿಗೆ ನೀರು ಹೋಗದಿರುವುದರಿಂದ ಬಿಚ್ಚುವುದೇ ಸರಿ. ಇದರಲ್ಲಿ ಆರೋಗ್ಯದ ಲಾಭವೂ ಇದೆ. ವಾಚಿನಡಿಯಲ್ಲಿ ಬೆವರು, ಉಪ್ಪು, ಸೋಪಿನ ಅಂಶ, ಧೂಳು ಸೇರಿ ಚರ್ಮ ಕೆಂಪಾಗುತ್ತದೆ, ತುರಿಸುತ್ತದೆ. ಅನೇಕರು ಇದನ್ನು ಅಲರ್ಜಿ ಎಂದುಕೊಳ್ಳುತ್ತಾರೆ. ಹಲವು ಬಾರಿ ಅದು ತೇವ ಮತ್ತು ಕೊಳೆಯ ಫಲ. ದಿನಕ್ಕೆ ಐದು ಬಾರಿ ಬಿಚ್ಚಿ ತೊಳೆಯುವವರಿಗೆ ಈ ತೊಂದರೆ ಕಡಿಮೆ. ಆದರೆ ಒದ್ದೆ ಕೈಗೇ ಮತ್ತೆ ಕಟ್ಟಿದರೆ ಲಾಭವಿಲ್ಲ. ಕೈಯನ್ನೂ ವಾಚಿನ ಅಡಿಯನ್ನೂ ಒಣ ಬಟ್ಟೆಯಲ್ಲಿ ಒರೆಸಿ ಕಟ್ಟಿ. ಪಟ್ಟಿಯನ್ನು ದಿನಕ್ಕೊಮ್ಮೆ ತೊಳೆಯಿರಿ. ಕೆಂಪಾಗಿದ್ದರೆ ಕೆಲವು ದಿನ ಇನ್ನೊಂದು ಕೈಗೆ ಬದಲಿಸಿ.

ನಮಾಝಿಗೆ ನಿಲ್ಲುವ ಮೊದಲು ಮೊಬೈಲಿನಂತೆ ವಾಚಿನ ಕಂಪನವನ್ನೂ ನಿಲ್ಲಿಸಿ. ಬಿಸಿಲಲ್ಲಿ ನಿಲ್ಲಿಸಿದ ವಾಹನದ ಡ್ಯಾಶ್‌ಬೋರ್ಡಿನಲ್ಲಿ ವಾಚ್ ಬಿಡಬೇಡಿ. ಆಪಲ್ ವಾಚಿನ ಸಾಮಾನ್ಯ ಮಾದರಿಗಳಿಗೆ ಕಂಪೆನಿ ಹೇಳಿರುವ ಬಳಕೆಯ ಮಿತಿಯೇ 35 ಡಿಗ್ರಿ. ಶಾಖಕ್ಕೆ ಬ್ಯಾಟರಿ ಬೇಗ ಹಾಳಾಗುತ್ತದೆ.

ಸಕ್ಕರೆ ಕಾಯಿಲೆ ಮತ್ತು ರಮಝಾನ್

ಮಾರುಕಟ್ಟೆಯಲ್ಲಿ ‘ರಕ್ತದ ಸಕ್ಕರೆ ತೋರಿಸುವ ವಾಚ್’ ಎಂದು ಅಗ್ಗದ ವಾಚ್‌ಗಳು ಸಿಗುತ್ತವೆ. ಖಂಡಿತ ನಂಬಬೇಡಿ. ಚರ್ಮ ಚುಚ್ಚದೆ ಸಕ್ಕರೆ ಅಳೆಯುವ ಯಾವ ವಾಚಿಗೂ ಉಂಗುರಕ್ಕೂ ತಾನು ಅನುಮತಿ ಕೊಟ್ಟಿಲ್ಲವೆಂದು ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಸಿತು. ಆ ಅಂಕಿ ನೋಡಿ ಇನ್ಸುಲಿನ್ ತೆಗೆದುಕೊಂಡರೆ ಜೀವಕ್ಕೇ ಅಪಾಯ. ತೋಳಿಗೆ ಅಂಟಿಸುವ ಸೆನ್ಸರ್ ಬೇರೆ. ಅದರ ಸೂಕ್ಷ್ಮ ತಂತು ಚರ್ಮದೊಳಗೆ ಇರುತ್ತದೆ.

ಉಪವಾಸದಲ್ಲಿ ಸಕ್ಕರೆ 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ಉಪವಾಸ ಬಿಡಬೇಕೆಂಬುದು ವೈದ್ಯರ ಮಾರ್ಗದರ್ಶನ. ಬೆರಳು ಚುಚ್ಚಿ ಪರೀಕ್ಷಿಸುವುದರಿಂದ ಉಪವಾಸ ಮುರಿಯುವುದಿಲ್ಲವೆಂದು ವಿದ್ವಾಂಸರು ಸಾಮಾನ್ಯವಾಗಿ ಅಭಿಪ್ರಾಯಪಟ್ಟಿದ್ದಾರೆ. ರೋಗಿಗೆ ಇಸ್ಲಾಮ್ ರಿಯಾಯಿತಿ ಕೊಟ್ಟಿರುವಾಗ ಅದನ್ನು ನಿರಾಕರಿಸುವುದು ಭಕ್ತಿಯಲ್ಲ.

ರಮಝಾನಿನಲ್ಲಿ ತರಾವೀಹ್ ಮತ್ತು ಸಹರಿಯಿಂದ ನಿದ್ದೆ ಎರಡು ಮೂರು ತುಂಡಾಗುತ್ತದೆ. ವಾಚ್ ‘ನಿಮ್ಮ ನಿದ್ದೆ ಕಳಪೆ’ ಎನ್ನಬಹುದು. ಅದಕ್ಕೆ ಹೆದರುವುದು ಬೇಡ. ದಿನದ ಒಟ್ಟು ನಿದ್ದೆ ಕೂಡಿಸಿ ನೋಡಿ. ಡ್ರೈವರ್‌ಗಳು ಮಾತ್ರ ಈ ಎಚ್ಚರಿಕೆಯನ್ನು ಲಘುವಾಗಿ ಕಾಣಬಾರದು.

ಫ್ಲ್ಯಾಟಿನಲ್ಲಿರುವ ಸಹೋದರಿಯರಿಗೆ

ಕುಟುಂಬದೊಂದಿಗೆ ಅಲ್ಲಿರುವ ಮಹಿಳೆಯರ ಸಮಸ್ಯೆ ಇದಕ್ಕೆ ವಿರುದ್ಧ. ಹೊರಗೆ ಬಿಸಿಲು, ಒಳಗೆ ಎ.ಸಿ., ಅಡುಗೆ ಮನೆಯಿಂದ ಹಾಲ್‌ವರೆಗೆ ಮಾತ್ರ ನಡಿಗೆ. ಇವರಿಗೆ ಹೆಜ್ಜೆಯ ಲೆಕ್ಕ ಕಣ್ಣು ತೆರೆಸುತ್ತದೆ. ಹತ್ತು ಸಾವಿರ ಹೆಜ್ಜೆ ಎಂಬುದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಹಬ್ಬಿದ ಅಂಕಿ, ವೈದ್ಯರ ಆಜ್ಞೆಯಲ್ಲ. ವಾರಕ್ಕೆ 150 ನಿಮಿಷ ಚುರುಕಾದ ನಡಿಗೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೇಸಿಗೆಯಲ್ಲಿ ಮಾಲ್‌ನೊಳಗೆ, ಚಳಿಗಾಲದಲ್ಲಿ ಕಾರ್ನಿಶ್‌ನಲ್ಲಿ ನಡೆಯಬಹುದು.

ಹಜ್ಜ್‌ಗೆ ಹೋಗುವ ತಂದೆ ತಾಯಿಗೆ

2024ರ ಹಜ್ಜ್ ಸಮಯದಲ್ಲಿ ಮಕ್ಕಾದ ಹರಮ್ ಬಳಿ ಉಷ್ಣತೆ 51.8 ಡಿಗ್ರಿಗೆ ಏರಿತ್ತು. 1,301 ಮಂದಿ ಮರಣ ಹೊಂದಿದರೆಂದೂ, ಅವರಲ್ಲಿ ಶೇ. 83ರಷ್ಟು ಜನ ಅಧಿಕೃತ ಅನುಮತಿಯಿಲ್ಲದೆ ಬಂದು ನೆರಳಿಲ್ಲದೆ ಬಿಸಿಲಲ್ಲಿ ದೂರ ನಡೆದವರೆಂದೂ ಸೌದಿ ಸರಕಾರ ತಿಳಿಸಿತು. ವಯಸ್ಸಾದವರಿಗೆ ಬಾಯಾರಿಕೆ ತಡವಾಗಿ ತಿಳಿಯುತ್ತದೆ. ಸಫಾ ಮರ್ವಾ ನಡುವಿನ ಸಅಯ್ ಒಂದರಲ್ಲೇ ಸುಮಾರು ಮೂರು ಕಿಲೋಮೀಟರ್ ನಡಿಗೆಯಿದೆ. ಮಕ್ಕಳು ಉಪ್ಪ ಉಮ್ಮನಿಗೆ ವಾಚ್ ಕೊಡಿಸುವುದಾದರೆ ಎರಡು ಮೂರು ತಿಂಗಳು ಮೊದಲೇ ಕೊಡಿಸಿ ನಡಿಗೆಯ ಅಭ್ಯಾಸ ಮಾಡಿಸಲಿ. ಜೊತೆಗೆ ಬಿಳಿ ಕೊಡೆ, ನೀರು ಸಿಂಪಡಿಸುವ ಸಣ್ಣ ಬಾಟಲಿ, ಓ.ಆರ್.ಎಸ್. ಪೊಟ್ಟಣವನ್ನು ಮರೆಯದೆ ಕಳಿಸಲಿ. ಅಲ್ಲಿ ವಾಚಿಗಿಂತ ಹೆಚ್ಚು ಕೆಲಸಕ್ಕೆ ಬರುವುದು ಅವೇ.

ಕೂಡಲೇ ಮಾಡಬೇಕಾದದ್ದು

- ತಲೆಸುತ್ತು, ತಲೆನೋವು, ವಾಕರಿಕೆ, ಸ್ನಾಯು ಸೆಳೆತ ಬಂದರೆ ವಾಚ್ ನೋಡುತ್ತ ನಿಲ್ಲಬೇಡಿ. ನೆರಳಿಗೆ ಬಂದು ನೀರು ಕುಡಿಯಿರಿ.
- ಮಾತು ತೊದಲುವುದು, ಗೊಂದಲ, ಅಸಂಬದ್ಧ ವರ್ತನೆ, ಪ್ರಜ್ಞೆ ತಪ್ಪುವುದು ಹೀಟ್ ಸ್ಟ್ರೋಕ್ ಲಕ್ಷಣ. ಮೈ ಬೆವರುತ್ತಿದ್ದರೂ ಇದು ಆಗಬಹುದು. ದೇಹದ ಶಾಖ ಆಗ 40 ಡಿಗ್ರಿ ದಾಟಿರುತ್ತದೆ.
- ಆಂಬುಲೆನ್ಸ್ ಕರೆಯಿರಿ: ಸೌದಿ 997, ಯು.ಎ.ಇ. 998, ಕತಾರ್ ಮತ್ತು ಬಹರೈನ್ 999, ಕುವೈತ್ 112, ಒಮಾನ್ 9999.
- ಕಾಯುವಾಗಲೇ ಬಟ್ಟೆ ಸಡಿಲಿಸಿ ಮೈಗೆಲ್ಲ ನೀರು ಸುರಿದು ಗಾಳಿ ಹಾಕಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಐಸ್ ಇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.
- ಎದೆನೋವು ಬಂದರೆ ವಾಚಿನ ಇ.ಸಿ.ಜಿ. ‘ನಾರ್ಮಲ್’ ಎಂದರೂ ಆಸ್ಪತ್ರೆಗೆ ಹೋಗಿ. ವಾಚಿನ ಇ.ಸಿ.ಜಿ. ಹೃದಯಾಘಾತವನ್ನು ಗುರುತಿಸುವುದಿಲ್ಲ.

ಪರದೇಶದಲ್ಲಿ ದುಡಿಯುವವರು ಊರಿಗೆ ಕರೆ ಮಾಡಿದಾಗ ಹೇಳುವ ಉತ್ತರ ಒಂದೇ: ‘ಚೆನ್ನಾಗಿದ್ದೇನೆ.’ ಮನೆಯವರು ಚಿಂತೆ ಮಾಡಬಾರದೆಂಬ ಪ್ರೀತಿ ಅದರಲ್ಲಿದೆ. ಆದ್ದರಿಂದ ಮನೆಯವರು ಕೇಳುವ ಪ್ರಶ್ನೆ ಬದಲಾಗಲಿ. ಮಧ್ಯಾಹ್ನ ವಿಶ್ರಾಂತಿ ಸಿಕ್ಕಿತೇ, ಎಷ್ಟು ನೀರು ಕುಡಿದಿರಿ, ಮೂತ್ರ ಸರಿಯಾಗಿ ಹೋಗುತ್ತಿದೆಯೇ, ರಾತ್ರಿ ನಿದ್ದೆ ಬಂತೇ ಎಂದು ಕೇಳಿ. ನಮ್ಮ ದೇಹ ಅಲ್ಲಾಹನು ಕೊಟ್ಟ ಅಮಾನತ್. ಅದರ ಬಡಿತವನ್ನು ವಾಚ್ ಎಣಿಸಲಿ. ಅದರ ಕಾಳಜಿಯನ್ನು ಮಾತ್ರ ವಾಚಿಗೆ ಒಪ್ಪಿಸುವುದು ಬೇಡ.